ಅತ್ತೆಯ ಇನ್ಶೂರೆನ್ಸ್ ಕಂತು ಯಾಕೆ ಏರುತ್ತೆ? ತಡೆಯೋರು ಯಾರು?



ಹೊಸಕೋಟೆ ಕಡೆಯ ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆಸಿ ಆದ ಮೇಲೆ ಒಬ್ಬ ಅಕ್ಕ ಒಂದು ಕಾಗದ ಮುಂದಿಟ್ಟರು. "ನಮ್ಮತ್ತೆ ಹೆಸರಲ್ಲಿ ಆರೋಗ್ಯ ವಿಮೆ ಇದೆ. ಹೋದ ಸಲ ಹದಿನಾಲ್ಕು ಸಾವಿರ ಕಟ್ಟಿದ್ವಿ. ಈ ಸಲ ಹತ್ತೊಂಬತ್ತು ಸಾವಿರದ ಆರುನೂರು ಅಂತ ಬಂದಿದೆ. ಅತ್ತೆ ಒಂದು ದಿನಾನೂ ಆಸ್ಪತ್ರೆ ಸೇರಿಲ್ಲ. ಹಿಂಗೆ ಏರಿಸ್ತಾ ಹೋದ್ರೆ ಹೆಂಗೆ? ಬಿಟ್ಟೇಬಿಡೋಣ ಅಂತಾರೆ ನಮ್ಮನೆಯವರು. ಕೇಳೋರು ಯಾರೂ ಇಲ್ವಾ?" ಅಂತ ಕೇಳಿದರು.

ಇದು ಒಬ್ಬರ ಪ್ರಶ್ನೆ ಅಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವ ಮನೆಗಳಲ್ಲಿ, ದೇವನಹಳ್ಳಿಯ ಹೂವು ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ, ನೆಲಮಂಗಲದಿಂದ ಫ್ಯಾಕ್ಟರಿಗೆ ಹೋಗುವವರ ಮನೆಗಳಲ್ಲಿ, ಎಲ್ಲಾ ಕಡೆ ಇದೇ ಮಾತು. ಅದಕ್ಕೆ ಈ ಸಲ ನಾವು ಮೂರು ವಿಷಯ ತಿಳಿಯೋಣ. ಕಂತು ಯಾಕೆ ಏರುತ್ತೆ? ಏರಿಕೆಗೆ ಸರ್ಕಾರದ ಕಡಿವಾಣ ಏನಿದೆ? ನಾವು ಏನು ಮಾಡಬೇಕು?

ಕಂತು ಏರುವುದು ಯಾಕೆ?

ವಿಮೆ ಅಂದರೆ ನಮ್ಮ ಸಂಘದ ಒಟ್ಟು ನಿಧಿಯ ಹಾಗೆಯೇ. ಎಲ್ಲರೂ ಹಾಕುತ್ತಾರೆ, ಕಷ್ಟ ಬಂದವರು ತೆಗೆದುಕೊಳ್ಳುತ್ತಾರೆ. ಒಂದು ಲೆಕ್ಕ ನೋಡೋಣ. ಇದು ತಿಳಿಯಲಿಕ್ಕೆ ಮಾಡಿಕೊಂಡ ಲೆಕ್ಕ ಅಷ್ಟೇ.

ಒಂದು ಕಡೆ 100 ಜನ ಹಿರಿಯರು ವಿಮೆ ಮಾಡಿಸಿದ್ದಾರೆ ಅನ್ನಿ. ವರ್ಷದಲ್ಲಿ 10 ಜನ ಆಸ್ಪತ್ರೆ ಸೇರುತ್ತಾರೆ, ಒಬ್ಬೊಬ್ಬರಿಗೆ 60,000 ರೂಪಾಯಿ ಖರ್ಚು. ಒಟ್ಟು 6 ಲಕ್ಷ. ಇದನ್ನು 100 ಜನಕ್ಕೆ ಹಂಚಿದರೆ ತಲೆಗೆ 6,000. ಇದರ ಮೇಲೆ ಕಂಪನಿಯ ಆಫೀಸು ಖರ್ಚು, ಏಜೆಂಟರ ಕಮಿಷನ್, ಲಾಭ ಸೇರುತ್ತೆ.

ಐದು ವರ್ಷ ಕಳೆಯಿತು. ಅದೇ 100 ಜನಕ್ಕೆ ಐದು ವರ್ಷ ವಯಸ್ಸಾಯಿತು. ಈಗ 10 ಅಲ್ಲ, 15 ಜನ ಆಸ್ಪತ್ರೆ ಸೇರುತ್ತಾರೆ. ಆಸ್ಪತ್ರೆ ಬಿಲ್ಲೂ 80,000 ಆಗಿದೆ. ಒಟ್ಟು 12 ಲಕ್ಷ, ತಲೆಗೆ 12,000. ನಮ್ಮ ಅತ್ತೆ ಆಸ್ಪತ್ರೆಗೆ ಹೋಗದಿದ್ದರೂ ಕಂತು ಎರಡರಷ್ಟಾಯಿತು. ಕಂತು ಏರುವುದು ಒಬ್ಬರ ಲೆಕ್ಕದಲ್ಲಿ ಅಲ್ಲ, ಇಡೀ ಗುಂಪಿನ ಲೆಕ್ಕದಲ್ಲಿ.

ಇಲ್ಲಿ ಇನ್ನೊಂದು ತೊಂದರೆ ಇದೆ. 12,000 ಜಾಸ್ತಿ ಆಯ್ತು ಅಂತ ಗಟ್ಟಿಮುಟ್ಟಾಗಿರುವ 30 ಜನ ಬಿಟ್ಟುಹೋದರು ಅನ್ನಿ. ಕಾಯಿಲೆ ಇರುವವರು ಬಿಡುವುದಿಲ್ಲ. ಖರ್ಚು ಅದೇ 12 ಲಕ್ಷ, ಹಂಚಿಕೊಳ್ಳುವವರು 70 ಜನ ಮಾತ್ರ. ತಲೆಗೆ 17,000ಕ್ಕೂ ಮೇಲಾಯಿತು. ಆಗ ಇನ್ನಷ್ಟು ಜನ ಬಿಡುತ್ತಾರೆ, ಮತ್ತೆ ಕಂತು ಏರುತ್ತೆ. ಕೊನೆಗೆ ನಿಜವಾಗಿ ಬೇಕಾದವರಿಗೇ ಕೈಗೆಟುಕದ ಹಾಗಾಗುತ್ತೆ. ಹಾಗಾಗಿಯೇ ಇದನ್ನು ಕಂಪನಿಯ ಇಷ್ಟಕ್ಕೆ ಬಿಡದೆ ಒಬ್ಬ ಮೇಲ್ವಿಚಾರಕ ಬೇಕು.

ಮೇಲ್ವಿಚಾರಕ ಯಾರು?

ನಮ್ಮ ದೇಶದಲ್ಲಿ ವಿಮೆ ಕೇಂದ್ರ ಸರ್ಕಾರದ ವಿಷಯ. ಆದ್ದರಿಂದ ಖಾಸಗಿ ಅಥವಾ ಸರ್ಕಾರಿ ವಿಮಾ ಕಂಪನಿಯ ಕಂತನ್ನು ನಮ್ಮ ರಾಜ್ಯ ಸರ್ಕಾರವಾಗಲಿ, ಜಿಲ್ಲಾಧಿಕಾರಿಗಳಾಗಲಿ ಇಳಿಸಲು ಬರುವುದಿಲ್ಲ. ಅದಕ್ಕೆಂದೇ 1999ರ ಕಾಯ್ದೆಯ ಪ್ರಕಾರ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಗಿದೆ. ಇದರ ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ. ಐ.ಆರ್.ಡಿ.ಎ.ಐ. ಅಂತ ಕರೆಯುತ್ತಾರೆ.

ಈ ಪ್ರಾಧಿಕಾರ ಪ್ರತಿ ಪಾಲಿಸಿಗೂ ಇಷ್ಟೇ ಕಂತು ಅಂತ ನಿಗದಿ ಮಾಡುವುದಿಲ್ಲ. ಕಂಪನಿಗಳು ತಮ್ಮ ಲೆಕ್ಕದವರನ್ನು ಇಟ್ಟುಕೊಂಡು ಕಂತು ನಿರ್ಧರಿಸುತ್ತವೆ. ಪ್ರಾಧಿಕಾರ ನಿಯಮ ಹಾಕುತ್ತೆ, ಲೆಕ್ಕ ಕೇಳುತ್ತೆ. ಆದರೆ ಹಿರಿಯರ ಕಂತು ಒಂದೇ ಸಲ ಬಹಳ ಏರುತ್ತಿರುವುದನ್ನು ಗಮನಿಸಿ, 2025ರ ಜನವರಿ 30ರಂದು ಒಂದು ಸುತ್ತೋಲೆ ಹೊರಡಿಸಿತು. ಅದರಲ್ಲಿ ಹೇಳಿರುವುದು ಇಷ್ಟು:

60 ವರ್ಷ ಮೇಲ್ಪಟ್ಟವರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು. ಅದಕ್ಕಿಂತ ಹೆಚ್ಚು ಏರಿಸಲೇಬೇಕೆಂದಿದ್ದರೆ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚನೆ ಮಾಡಬೇಕು. ಹಿರಿಯರಿಗೆಂದು ಇರುವ ಪಾಲಿಸಿಯನ್ನೇ ನಿಲ್ಲಿಸುವುದಾದರೂ ಮೊದಲು ಪ್ರಾಧಿಕಾರವನ್ನು ಕೇಳಬೇಕು. ಆಸ್ಪತ್ರೆಗಳ ಜೊತೆ ಮಾತಾಡಿ ಚಿಕಿತ್ಸೆಗೆ ಇಷ್ಟು ದರ ಅಂತ ಪ್ಯಾಕೇಜ್ ಮಾಡಿಕೊಳ್ಳುವ ಕೆಲಸವನ್ನೂ ಕಂಪನಿಗಳು ಮಾಡಬೇಕು.

ಈಗ ನಮ್ಮ ಅಕ್ಕನ ಕಾಗದ ನೋಡೋಣ. 14,000ಕ್ಕೆ ಶೇಕಡಾ 10 ಅಂದರೆ 1,400. ಕಂತು 15,400 ದಾಟಬಾರದು. 19,600 ಅಂದರೆ ಶೇಕಡಾ 40 ಏರಿಕೆ. ಹಾಗಾದರೆ ಆ ಅಕ್ಕ ಕೇಳಬೇಕಾದ ಪ್ರಶ್ನೆ ಇದು: "ನಮ್ಮತ್ತೆಗೆ 60 ದಾಟಿದೆ. ಶೇಕಡಾ 10ರ ಮೇಲೆ ಏರಿಸಲು ಪ್ರಾಧಿಕಾರದ ಜೊತೆ ಮಾತಾಡಿದ್ದೀರಾ? ಬರವಣಿಗೆಯಲ್ಲಿ ತಿಳಿಸಿ." ಇದನ್ನು ಏಜೆಂಟರ ಹತ್ತಿರ ಬಾಯಿಮಾತಲ್ಲಿ ಕೇಳಿದರೆ ಸಾಲದು, ಕಂಪನಿಗೆ ಬರೆದು ಕೇಳಬೇಕು.

ಆದರೆ ಇಲ್ಲಿ ಮೋಸ ಹೋಗಬೇಡಿ. ಶೇಕಡಾ 10 ಅಂದರೆ ಸಣ್ಣದು ಅಂತ ಅನ್ನಿಸುತ್ತೆ. ಚಕ್ರಬಡ್ಡಿ ನಮಗೆ ಗೊತ್ತಿರುವುದೇ ತಾನೆ? 14,000 ಇದ್ದದ್ದು ಪ್ರತಿ ವರ್ಷ ಶೇಕಡಾ 10 ಏರಿದರೆ 15,400, ಆಮೇಲೆ 16,940, ಆಮೇಲೆ 18,634, ಆಮೇಲೆ 20,497, ಐದನೇ ವರ್ಷಕ್ಕೆ 22,547. ಎಂಟು ವರ್ಷಕ್ಕೆ 30,000 ಮುಟ್ಟುತ್ತೆ. ಕಡಿವಾಣ ಇದೆ, ಕುದುರೆ ನಿಂತಿಲ್ಲ. ವಿಮೆ ಮಾಡಿಸುವಾಗ ಈ ವರ್ಷದ ಕಂತು ಮಾತ್ರ ನೋಡಬೇಡಿ, ಎಂಟು ವರ್ಷದ ಮೇಲೆ ಕಟ್ಟಲಾಗುತ್ತಾ ಅಂತಲೂ ಯೋಚಿಸಿ.

ಒಂದು ಸಮಾಧಾನದ ಸಂಗತಿಯೂ ಇದೆ. ಮೊದಲು ಕಂತಿನ ಮೇಲೆ ಶೇಕಡಾ 18 ಜಿ.ಎಸ್.ಟಿ. ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಒಬ್ಬೊಬ್ಬರ ಹೆಸರಿನ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಆ ತೆರಿಗೆ ಇಲ್ಲ. 14,000 ಕಂತಿಗೆ 2,520 ರೂಪಾಯಿ ಉಳಿತಾಯ. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ನಿಮ್ಮ ರಸೀತಿಯಲ್ಲಿ ತೆರಿಗೆ ಹಾಕಿದ್ದಾರಾ ಅಂತ ನೋಡಿ.

ಬೇರೆ ಯಾವ ನಿಯಮಗಳು ನಮ್ಮ ಪರವಾಗಿವೆ?

2024ರಲ್ಲಿ ಪ್ರಾಧಿಕಾರ ಹಲವು ನಿಯಮ ಬದಲಾಯಿಸಿತು. ನೆನಪಿಡಬೇಕಾದವು ಇವು.

ವಯಸ್ಸು: 65 ದಾಟಿದವರಿಗೂ ಕಂಪನಿಗಳು ಆರೋಗ್ಯ ವಿಮೆ ಕೊಡಲು ಅವಕಾಶವಿದೆ. ಆದರೆ ಆ ವಯಸ್ಸಲ್ಲಿ ಹೊಸದಾಗಿ ಮಾಡಿಸಿದರೆ ಕಂತು ಹೆಚ್ಚು.

ನವೀಕರಣ: ಹೋದ ವರ್ಷ ಕ್ಲೇಮ್ ಮಾಡಿದ್ದೀರಿ ಅಂತ ಹೇಳಿ ಈ ವರ್ಷ ಪಾಲಿಸಿ ಮುಂದುವರಿಸಲು ನಿರಾಕರಿಸುವ ಹಾಗಿಲ್ಲ. ವಿಮೆಯ ಮೊತ್ತ ಹೆಚ್ಚಿಸದಿದ್ದರೆ ಹೊಸದಾಗಿ ಆರೋಗ್ಯ ಪರಿಶೀಲನೆ ಮಾಡುವಂತಿಲ್ಲ.

ಹಳೇ ಕಾಯಿಲೆ: ಸಕ್ಕರೆ ಕಾಯಿಲೆ, ಬಿ.ಪಿ. ಮುಂಚೆಯೇ ಇದ್ದರೆ ಅದರ ಚಿಕಿತ್ಸೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 3 ವರ್ಷ. ಮೊದಲು 4 ವರ್ಷ ಇತ್ತು.

ಐದು ವರ್ಷ ಬಿಡದೆ ಕಟ್ಟಿದವರಿಗೆ: "ನೀವು ಆ ಕಾಯಿಲೆ ಹೇಳಿರಲಿಲ್ಲ" ಅಂತ ನೆಪ ಹೇಳಿ ಹಣ ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ನಿರಾಕರಿಸಬಹುದು. ಹಾಗಂತ ಸುಳ್ಳು ಬರೆಸಬೇಡಿ. ಏಜೆಂಟರು "ಶುಗರ್ ಇದೆ ಅಂತ ಬರೆಯೋದು ಬೇಡ" ಅಂದರೂ ಬರೆಸಿ.

ತಡವಾದರೆ: ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ, ತಿಂಗಳ ಕಂತಿನವರಿಗೆ 15 ದಿನ ಹೆಚ್ಚುವರಿ ಅವಕಾಶ ಇದೆ. ಅದೂ ಮೀರಿದರೆ ಪಾಲಿಸಿ ಹೋಗುತ್ತೆ. ಮತ್ತೆ ಮಾಡಿಸಿದರೆ ಕಾಯುವ ಅವಧಿ ಮೊದಲಿನಿಂದ ಶುರು. ಕೋಪದಲ್ಲಿ ಬಿಟ್ಟರೆ ಕಳೆದುಕೊಳ್ಳುವುದು ಇದನ್ನೇ.

ಯಶಸ್ವಿನಿಯ ಪಾಠ

ಕಂತು ಏರಿದರೆ ಏನಾಗುತ್ತೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಯಶಸ್ವಿನಿ ಯೋಜನೆಯನ್ನೇ ನೋಡಿ. 2003ರ ಜೂನ್‌ನಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಇದು ಆರಂಭವಾಯಿತು. ವರ್ಷಕ್ಕೆ ಒಬ್ಬರಿಗೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಎರಡನೇ ವರ್ಷ ಸುಮಾರು 21 ಲಕ್ಷ. ಮೂರನೇ ವರ್ಷ, 2005-06ರಲ್ಲಿ, ಕಂತು 120 ರೂಪಾಯಿ ಆಯಿತು. ಸದಸ್ಯರು ಸುಮಾರು 15 ಲಕ್ಷಕ್ಕೆ ಇಳಿದರು. 60 ರೂಪಾಯಿ ಹೆಚ್ಚಾದದ್ದಕ್ಕೆ ಲಕ್ಷಗಟ್ಟಲೆ ಜನ ಬಿಟ್ಟರು. ಆಮೇಲೆ ಉಪಯೋಗ ಕಂಡು ಜನ ವಾಪಸ್ ಬಂದರು, 2008-09ರ ಹೊತ್ತಿಗೆ 30 ಲಕ್ಷ ಮುಟ್ಟಿತು.

ಯಶಸ್ವಿನಿ ಕಂಪನಿಯ ವಿಮೆ ಅಲ್ಲ, ಟ್ರಸ್ಟ್ ನಡೆಸುವ ಯೋಜನೆ. ಹೈದರಾಬಾದಿನ ಪ್ರಾಧಿಕಾರ ಇದರ ಕಂತು ನೋಡುವುದಿಲ್ಲ, ರಾಜ್ಯ ಸರ್ಕಾರವೇ ನೋಡುತ್ತೆ. ಸರ್ಕಾರ ತನ್ನ ಪಾಲು ಹಾಕುವುದರಿಂದ ಕಂತು ಕಡಿಮೆ ಇರುತ್ತೆ. ಆದರೆ ಸರ್ಕಾರ ಬೇಡ ಅಂದರೆ ನಿಂತೂ ಹೋಗುತ್ತೆ. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದ್ದರು. 2022-23ರಲ್ಲಿ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000 ರೂಪಾಯಿ ನಿಗದಿಯಾಯಿತು. ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ತಲೆಗಿಷ್ಟು ಹೆಚ್ಚುವರಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಿಮ್ಮ ಊರಿನ ಹಾಲಿನ ಡೇರಿ ಅಥವಾ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಯಾರಾದರೂ ಸದಸ್ಯರಿದ್ದರೆ ಕಾರ್ಯದರ್ಶಿಯವರನ್ನು ಕೇಳಿ, ನೋಂದಣಿ ದಿನಾಂಕ ಮೀರದಂತೆ ನೋಡಿಕೊಳ್ಳಿ.

ಬ್ಯಾಂಕಿನಲ್ಲಿ ನಮ್ಮ ಖಾತೆಯಿಂದ ಕಡಿತವಾಗುವ ಎರಡು ವಿಮೆಗಳ ಕಂತೂ ಹೀಗೆಯೇ ಏರಿದೆ. 2015ರಲ್ಲಿ ಶುರುವಾದಾಗ ಪ್ರಧಾನಮಂತ್ರಿ ಜೀವನ ಜ್ಯೋತಿಗೆ 330, ಸುರಕ್ಷಾ ಬಿಮಾಗೆ 12 ರೂಪಾಯಿ ಇತ್ತು. 2022ರ ಜೂನ್ 1ರಿಂದ 436 ಮತ್ತು 20 ರೂಪಾಯಿ ಆಯಿತು. ಕೊಡಬೇಕಾದ ಪರಿಹಾರದ ಹಣ ಹೆಚ್ಚಾಗಿ ಕಂತು ಸಾಲಲಿಲ್ಲ ಅನ್ನುವುದೇ ಕಾರಣ. ಎಷ್ಟೋ ಜನರ ಖಾತೆಯಲ್ಲಿ 436 ಇಲ್ಲದೆ ವಿಮೆ ನಿಂತುಹೋಗುತ್ತೆ, ಅವರಿಗೆ ಗೊತ್ತೇ ಇರುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ಪಾಸ್‌ಬುಕ್ ನೋಡಿ.

ಕಂತು ಏರಲೇಬಾರದು ಅಂದರೆ ಆಗುತ್ತಾ?

"ಸರ್ಕಾರ ಒಂದು ಪೈಸಾನೂ ಏರಿಸಬೇಡಿ ಅಂತ ಹೇಳಿಬಿಟ್ರೆ ಆಯ್ತಲ್ಲ" ಅಂತ ಕೆಲವರು ಕೇಳುತ್ತಾರೆ. ಇದಕ್ಕೆ ಅಮೆರಿಕದ ಒಂದು ಉದಾಹರಣೆ ಹೇಳುತ್ತೇವೆ.

ಅಲ್ಲಿ ದೀರ್ಘಕಾಲದ ಆರೈಕೆಗೆಂದೇ ಬೇರೆ ವಿಮೆ ಇದೆ. ಹಾಸಿಗೆ ಹಿಡಿದವರಿಗೆ ಊಟ, ಸ್ನಾನ ಮಾಡಿಸಲು ಇಟ್ಟುಕೊಳ್ಳುವ ಆಳಿನ ಖರ್ಚು ಅದರಿಂದ ಬರುತ್ತೆ. ಅಲ್ಲಿ ವಿಮೆ ರಾಜ್ಯ ಸರ್ಕಾರಗಳ ಕೈಯಲ್ಲಿದೆ. ಕಂತು ಏರಿಸಬೇಕಾದರೆ ಪ್ರತಿ ರಾಜ್ಯದ ವಿಮಾ ಇಲಾಖೆಗೆ ಲೆಕ್ಕ ಕೊಡಬೇಕು. ಹಿಂದೆ ಕಂಪನಿಗಳು ಈ ಪಾಲಿಸಿಗಳನ್ನು ತೀರಾ ಕಡಿಮೆ ಕಂತಿಗೆ ಮಾರಿದವು. ಎಷ್ಟೋ ಜನ ಮಧ್ಯದಲ್ಲಿ ಬಿಡುತ್ತಾರೆ ಅಂದುಕೊಂಡಿದ್ದರು, ಜನ ಬಿಡಲಿಲ್ಲ. ಜನ ಹೆಚ್ಚು ವರ್ಷ ಬದುಕಿದರು. ಕಂಪನಿ ಕೂಡಿಟ್ಟ ಹಣಕ್ಕೆ ಬರುವ ಬಡ್ಡಿಯೂ ಇಳಿಯಿತು. ಕಂತು ಏರಿಸಲು ಹೊರಟಾಗ ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಅರ್ಧ ಒಪ್ಪಿದವು, ಕೆಲವು ತಡಮಾಡಿದವು. ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಟ್ರೀಟಿ ಎಂಬ ಕಂಪನಿ 2009ರಲ್ಲಿ ಸರ್ಕಾರದ ಸುಪರ್ದಿಗೆ ಹೋಗಿ, 2017ರ ಮಾರ್ಚ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಮುಚ್ಚಿತು. ಸುಮಾರು 76,000 ಪಾಲಿಸಿದಾರರು ರಾಜ್ಯಗಳ ಖಾತರಿ ನಿಧಿಯ ಆಸರೆಗೆ ಹೋಗಬೇಕಾಯಿತು. ಆ ನಿಧಿಗೆ ಮಿತಿ ಇದೆ.

ಇದರಿಂದ ತಿಳಿಯುವುದೇನು? ಕಡಿವಾಣ ಬಿಟ್ಟರೆ ಕಂಪನಿ ನಮ್ಮ ಕುತ್ತಿಗೆಗೆ ಬರುತ್ತೆ. ಪೂರ್ತಿ ಬಿಗಿದರೆ ನಿಧಿಯೇ ಮುಳುಗಿ, ಕಾಯಿಲೆ ಬಂದಾಗ ಕೊಡೋರು ಇರಲ್ಲ. ಮೊದಲೇ ಸರಿಯಾದ ಕಂತು ಇಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಲು ಬಿಡುವುದು ಒಳ್ಳೆಯ ಮೇಲ್ವಿಚಾರಣೆ. ನಾವೂ ಮೊದಲ ವರ್ಷ ತೀರಾ ಅಗ್ಗ ಅಂತ ಕಂಡ ಪಾಲಿಸಿಗೆ ಮರುಳಾಗಬಾರದು.

ಹಾಸಿಗೆ ಹಿಡಿದವರ ಆರೈಕೆ

ನಮ್ಮಲ್ಲಿ ಅಂಥ ಆರೈಕೆ ವಿಮೆ ಇಲ್ಲವೆನ್ನುವಷ್ಟು ಅಪರೂಪ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ದಾಖಲಾದ ಖರ್ಚಿಗೆ. ಮಾವನಿಗೆ ಲಕ್ವ ಹೊಡೆಯಿತು, ಹತ್ತು ದಿನ ಆಸ್ಪತ್ರೆಯಲ್ಲಿದ್ದರು, ಅದಕ್ಕೆ ವಿಮೆ ಬರುತ್ತೆ. ಆಮೇಲೆ ಮನೆಯಲ್ಲಿ ಮೂರು ವರ್ಷ ಮಲಗಿದರು. ಅದಕ್ಕೆ ಬೇಕಾದ ಡೈಪರ್, ಹುಣ್ಣಿನ ಔಷಧಿ, ನೋಡಿಕೊಳ್ಳುವ ಹೆಂಗಸಿನ ಸಂಬಳ, ಇದಕ್ಕೆಲ್ಲ ಸಾಮಾನ್ಯವಾಗಿ ಬರುವುದಿಲ್ಲ. ಆ ಕೆಲಸ ಸೊಸೆಯ ಮೇಲೋ ಮಗಳ ಮೇಲೋ ಬೀಳುತ್ತೆ. ಫ್ಯಾಕ್ಟರಿ ಬಿಡುವುದು ಅವಳೇ, ಕೂಲಿ ಕಳೆದುಕೊಳ್ಳುವುದೂ ಅವಳೇ. ಯಾವ ರಸೀತಿಯಲ್ಲೂ ಆ ಲೆಕ್ಕ ಇರುವುದಿಲ್ಲ. ವಿಮೆ ಇದೆ ಅಂತ ಇದಕ್ಕೂ ಧೈರ್ಯವಾಗಿ ಇದ್ದುಬಿಡಬೇಡಿ, ಬೇರೆ ದುಡ್ಡು ಕೂಡಿಡಬೇಕು.

ನಾವು ಮಾಡಬೇಕಾದದ್ದು

1. ಮೊದಲು ಸರ್ಕಾರದ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಂತು ಇಲ್ಲ. ಮನೆಯ ಹಿರಿಯರ ಹೆಸರು ಪಡಿತರ ಚೀಟಿಯಲ್ಲಿ ಇದೆಯಾ ನೋಡಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಬೇಕಾದರೆ ಅಲ್ಲಿಂದ ಶಿಫಾರಸು ಚೀಟಿ ತೆಗೆದುಕೊಳ್ಳಿ.

2. ಕಂಪನಿ ಪಾಲಿಸಿ ಇದ್ದರೆ ದುಡುಕಿ ಬಿಡಬೇಡಿ. ಹೋದ ವರ್ಷದ ಮತ್ತು ಈ ವರ್ಷದ ಕಾಗದ ಅಕ್ಕಪಕ್ಕ ಇಟ್ಟು ಶೇಕಡಾವಾರು ಏರಿಕೆ ಲೆಕ್ಕ ಹಾಕಿ. ತೆರಿಗೆ ಬಿಟ್ಟು ಬರೀ ಕಂತನ್ನು ಹೋಲಿಸಿ.

3. ಕಟ್ಟಲು ಆಗುವುದಿಲ್ಲ ಅಂದರೆ ಪೂರ್ತಿ ಬಿಡುವ ಮೊದಲು ಮೊತ್ತ ಕಡಿಮೆ ಮಾಡಿಸಿ ಮುಂದುವರಿಸಬಹುದಾ ಅಂತ ಕೇಳಿ. ಇಲ್ಲವಾದರೆ ನವೀಕರಣದ ಸಮಯದಲ್ಲಿ ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಬಹುದು. ಕಾಯುವ ಅವಧಿಯಲ್ಲಿ ಈಗಾಗಲೇ ಕಳೆದ ವರ್ಷಗಳು ಜಮೆಯಾಗಿ ಉಳಿಯುತ್ತವೆ. ಹೊಸ ಕಂಪನಿ ಒಪ್ಪಬೇಕು, ಆದ್ದರಿಂದ ಒಂದೂವರೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಒಪ್ಪಿಗೆ ಬರುವವರೆಗೂ ಹಳೆಯದನ್ನು ಬಿಡಬೇಡಿ.

4. ದೂರು ಕೊಡುವ ದಾರಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದು, ಪ್ರತಿ ಇಟ್ಟುಕೊಳ್ಳಿ. ಪ್ರಾಧಿಕಾರದ ಉಚಿತ ಫೋನ್ 155255ಕ್ಕೂ ದೂರು ಹೇಳಬಹುದು. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಪಾಲಿಸಿ ಪ್ರಕಾರ ಎಷ್ಟು ಕಂತು ಕಟ್ಟಬೇಕು ಅನ್ನುವ ತಕರಾರು, ಕ್ಲೇಮ್ ನಿರಾಕರಣೆ, ವಿಳಂಬ ಇವನ್ನು ಅವರು ನೋಡುತ್ತಾರೆ.

5. ಗುಂಪು ವಿಮೆ. ಬ್ಯಾಂಕು ಅಥವಾ ಸಂಸ್ಥೆಯ ಮೂಲಕ ಸಂಘಕ್ಕೆಲ್ಲ ಸೇರಿ ಮಾಡಿಸಿದ ವಿಮೆಯಲ್ಲಿ ಕಂತು ವರ್ಷ ವರ್ಷ ಹೊಸದಾಗಿ ಮಾತುಕತೆಯಾಗುತ್ತೆ. ಹೋದ ವರ್ಷ ಎಷ್ಟು ಕಟ್ಟಿದೆವು, ಎಷ್ಟು ಪರಿಹಾರ ಬಂತು ಅಂತ ಲೆಕ್ಕ ಕೇಳಿ. ಸಾಲ ಕೊಡುವಾಗ ಜೊತೆಗೆ ವಿಮೆ ಹಿಡಿದುಕೊಂಡಿದ್ದರೆ ಅದರ ಕಾಗದ ಕೇಳಿ ಪಡೆಯಿರಿ.

ಆ ಹೊಸಕೋಟೆ ಅಕ್ಕನ ಸಭೆಯಲ್ಲಿ ಆ ದಿನ ಆದದ್ದು ಇಷ್ಟು. ಓದು ಬರಹ ಬಲ್ಲ ಒಬ್ಬರು ಕಂಪನಿಗೆ ಪತ್ರ ಬರೆದುಕೊಟ್ಟರು. ಅಕ್ಕ ಸಹಿ ಹಾಕಿ, "ಉತ್ತರ ಬರೋ ತನಕ ಬಿಡಲ್ಲ, ಮೂವತ್ತು ದಿನದ ಲೆಕ್ಕ ಕ್ಯಾಲೆಂಡರಲ್ಲಿ ಬರಕೋತೀನಿ" ಅಂದರು. ಬಿಡುವುದಾದರೂ ತಿಳಿದು ಬಿಡಬೇಕು, ಕಟ್ಟುವುದಾದರೂ ತಿಳಿದು ಕಟ್ಟಬೇಕು.

ಸಂಘದ ಸಭೆಯಲ್ಲಿ ಚರ್ಚಿಸಿ

ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ 60 ದಾಟಿದವರಿದ್ದಾರೆ? ಅವರಲ್ಲಿ ಎಷ್ಟು ಜನರ ಹೆಸರು ಪಡಿತರ ಚೀಟಿಯಲ್ಲಿದೆ?

ಯಾರ ಯಾರ ಹತ್ತಿರ ಯಾವ ವಿಮೆ ಇದೆ? ಕಂತು ಕಟ್ಟುವ ತಾರೀಖು ಗೊತ್ತಾ?

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸದಸ್ಯೆಗಾಗಿ ತಿಂಗಳಿಗೆ ತಲೆಗೆ 10 ಅಥವಾ 20 ರೂಪಾಯಿಯ ಬೇರೆ ನಿಧಿ ಇಡಬಹುದಾ? ಅವಳಿಗೆ ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಕೊಡಲು ನಾವು ಸರದಿ ಮಾಡಿಕೊಳ್ಳಬಹುದಾ?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯಲ್ಲಿರುವ ವಿಮೆಯ ಕಾಗದಗಳನ್ನು ತನ್ನಿ.